ಎದುರಿಗೊಂದು ತೂಕ

ಬಿಡದಿಯಲ್ಲಿ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ನಮ್ಮ ಭಾವ ಅನಂತರಾಜು ಅಲ್ಲೊಂದರಲ್ಲಿ ವಾರಕ್ಕೆ ಆರು ದಿನ ಬೇರೆಯವರ ಎಂಜಿನ್ ಜೋಡಿಸಿ, ಏಳನೆಯ ದಿನ ಚನ್ನಪಟ್ಟಣದ ಮನೆಯಲ್ಲಿ ತಮ್ಮದೇ ಒಂದನ್ನು ಜೋಡಿಸುತ್ತಿದ್ದರು. ಎರಡು ವರ್ಷ ಹಿಡಿಯಿತು. ತೆಂಗಿನಕಾಯಿ ಗಾತ್ರದ, ಒಂದೇ ಸಿಲಿಂಡರಿನ ಪುಟಾಣಿ ಪೆಟ್ರೋಲ್ ಎಂಜಿನ್. ಓಡುವುದೇನೋ ಓಡುತ್ತಿತ್ತು. ಅದರ ಜೊತೆ ಮನೆಯೂ ಓಡಿಹೋಗುವಂತೆ ಕಾಣುತ್ತಿತ್ತು.

ಮೊದಲ ಸಲ ಶುರು ಮಾಡಿದಾಗ ಗೂಡಿನಿಂದ ಎರಡು ಸ್ಟೀಲ್ ಡಬ್ಬಿ ಬಿದ್ದು ಸೊಟ್ಟಗಾದವು. ಎರಡನೆಯ ಸಲ ಉಪ್ಪಿನಕಾಯಿ ಜಾಡಿ. ಮೂರನೆಯ ಸಲಕ್ಕೆ ನಮ್ಮಕ್ಕ ಕಾವೇರಮ್ಮ ಸೌಟು ಹಿಡಿದೇ ಬಂದಳು.

“ನೋಡ್ರೀ, ಭಾನುವಾರ ಗುಜರಿ ಕೆಂಚಯ್ಯ ಬತ್ತಾನೆ. ಆವತ್ತು ಇದು ಓಡ್ತಿರುವಾಗ ಇದೇ ಟೇಬಲ್ ಮೇಲೆ ತುಂಬಿದ ಕಾಫಿ ಲೋಟ ಮಡಗ್ತೀನಿ. ಒಂದು ತೊಟ್ಟು ಚೆಲ್ಲಿದ್ರೂ ಇದು ಹಳೇ ಕಬ್ಬಿಣ.”

“ಕಬ್ಬಿಣ ಅಲ್ಲ ಕಣೇ, ಅಲ್ಯುಮಿನಿಯಂ.”

“ಇನ್ನೂ ಒಳ್ಳೇದಾಯ್ತು. ಕೆಂಚಯ್ಯಂಗೆ ಹೊರೋಕೆ ಹಗುರ.”

ಭಾವನ ಮುಖ ನೋಡಲಾಗಲಿಲ್ಲ. “ಎಂಜಿನ್‌ಗೆ ಮೈಮೇಲೆ ಬತ್ತೈತೆ ಭಾವ, ನಿಂಬೆಹಣ್ಣು ತರ್ಲಾ?” ಎಂದೆ.

“ನೀನು ಬಿ.ಎ. ಮಾಡಿದ್ದು ಇದಕ್ಕೇ ಏನ್ಲಾ ಅಶ್ವಥ್?” ಎಂದರು ಭಾವ.

ಹಿಂದಿನ ಬೀದಿಯಲ್ಲಿ ಹುಸೇನ್ ಸಾಬರು ಲೇತಿನಲ್ಲಿ ಮರದ ಬುಗುರಿ ಕಡೆಯುತ್ತಾರೆ. ತಿರುಗುವ ವಸ್ತು ಯಾವುದಿದ್ದರೂ ಅವರನ್ನೇ ಕೇಳಬೇಕು. ಭಾವ ಬಾಗಿಲಲ್ಲೇ ನಿಂತು, ಅರಚುತ್ತಿದ್ದ ಲೇತಿಗಿಂತ ಜೋರಾಗಿ ಕಷ್ಟ ಹೇಳಿಕೊಂಡರು. ಸಾಬರು ಉಳಿಯಿಂದ ಕಣ್ಣೆತ್ತದೆ, “ಎದುರ್ಗೆ ತೂಕ ಕೊಡ್ರೀ ರಾಜಣ್ಣ” ಅಂದರು.

ಭಾವ ನೇರ ದಿನಸಿ ಅಂಗಡಿಗೆ ಹೋಗಿ ಐದು ಕೆ.ಜಿ.ಯ ತೂಕದ ಕಲ್ಲು ಕೇಳಿ ತಂದರು. ಟೇಬಲ್ ಮೇಲೆ, ಎಂಜಿನ್ನಿನ ಎದುರಿಗೆ ಇಟ್ಟರು. ಶುರು ಮಾಡಿದರು. ಒಂಟಿ ಕುಣಿತ ಜೋಡಿ ಕುಣಿತವಾಯಿತು. ಕಲ್ಲು ಅಂಚಿನವರೆಗೂ ಕುಣಿದು ಬಂದು ಭಾವನ ಹೆಬ್ಬೆರಳಿನ ಮೇಲೆ ವಿಶ್ರಾಂತಿ ಪಡೆಯಿತು.

ಇಷ್ಟೆಲ್ಲ ಆದದ್ದು ಶುಕ್ರವಾರ ಸಂಜೆ, ಭಾವ ಫ್ಯಾಕ್ಟರಿಯಿಂದ ಬಂದ ಮೇಲೆ. ಕಾಲಿಗೆ ಬಟ್ಟೆ ಕಟ್ಟಿಕೊಂಡು ಸಪ್ಪಗೆ ಕುಳಿತಿದ್ದ ಭಾವನನ್ನು ನಗಿಸೋಣವೆಂದು ನಾನೇ ಎಂಜಿನ್ ಆದೆ. ಬಸ್ ಕಂಡಕ್ಟರಿನಿಂದ ಮಿಕ್ಸಿಯವರೆಗೆ ಏನು ಕೇಳಿದರೂ ಹಾಗೇ ಮಾಡಿ ತೋರಿಸುವ ಚಟ ನನಗೆ. ಬಾಯಲ್ಲಿ “ಢಬ್” ಅಂದು, ಭುಜ ಎರಡು ಸಲ ಎಗರಿಸಿದೆ. ಮತ್ತೆ “ಢಬ್”. ಮತ್ತೆ ಎರಡು.

ನಗುತ್ತಿದ್ದ ಭಾವ ಥಟ್ಟನೆ ನಿಲ್ಲಿಸಿದರು. “ಒಂದು ಢಬ್‌ಗೆ ಎರಡು ಸಲ ಯಾಕ್ಲಾ ಎಗರ್ತೀಯ?”

“ಅದು ಎಗರೋದೇ ಹಂಗೆ ಭಾವ. ನಾನೇನೂ ಸೇರ್ಸಿಲ್ಲ.”

“ಲೇ, ಚಕ್ರ ಎರಡು ಸುತ್ತು ಹಾಕಿದ್ರೆ ಪೆಟ್ರೋಲ್ ಒಂದ್ಸಲ ಸಿಡಿಯೋದು. ಎರಡು ಸಲ ಎಗರ್ತದೆ ಅಂದ್ರೆ ಸುತ್ತಿಗೊಂದು. ಸಿಡಿಯೋದು ಕಾರಣ ಅಲ್ಲ ಕಣ್ಲಾ. ತಿರುಗೋದರಲ್ಲೇ ಒಂದು ಕಡೆ ಭಾರ ಐತೆ.”

ಎಂಜಿನ್ ಬಿಚ್ಚಿ, ಒಳಗಿನದ್ದನ್ನು ಚೀಲಕ್ಕೆ ಹಾಕಿಕೊಂಡು ಕುಂಟುತ್ತಲೇ ಹೊರಟರು. ಈ ಸಲ ಲೇತು ನಿಂತಿತ್ತು. ಸಾಬರು ಕಾಲಿನ ಬಟ್ಟೆ ನೋಡಿದರು.

“ಏನಾಯ್ತು ರಾಜಣ್ಣ?”

“ನೀವು ಹೇಳಿದ ತೂಕ.”

ಸಾಬರು ಗಡ್ಡ ತುರಿಸುವ ನೆಪದಲ್ಲಿ ನಗು ಮುಚ್ಚಿಕೊಂಡರು. “ನಿಮ್ಮ ಎದುರ್ಗಲ್ಲ. ಪಿಸ್ಟನ್ ಕಡ್ಡಿ ಚಕ್ರಕ್ಕೆ ಎಲ್ಲಿ ಸೇರ್ತದೋ, ಅದರ ಎದುರು ಬದಿಗೆ.”

ಬಿಚ್ಚಿಟ್ಟ ಪಿಸ್ಟನ್ನಿನ ಬದಲಿಗೆಂದು ಸಾಬರು ಅದರ ಅರ್ಧ ತೂಕದಷ್ಟು ತಂತಿಯನ್ನು ಕಡ್ಡಿ ಸೇರುವ ಜಾಗಕ್ಕೆ ಸುತ್ತಿ, ಚಕ್ರದ ಅಚ್ಚನ್ನು ಎರಡು ಚಾಕುಗಳ ಅಂಚಿನ ಮೇಲೆ ಮಲಗಿಸಿದರು. ಹೇಗೆ ಇಟ್ಟರೂ ತಂತಿಯ ಕಡೆಯೇ ಕೆಳಗೆ ಉರುಳಿತು. ಎದುರು ಬದಿಗೆ ಚೂರು ಚೂರೇ ಸೀಸ ಅಂಟಿಸುತ್ತ ಹೋದರು. ಕೊನೆಗೆ ಚಕ್ರ ಬಿಟ್ಟಲ್ಲೇ ನಿಂತಿತು.

“ನಡು ತಪ್ಪಿದ್ರೆ ಬುಗುರಿಗೂ ನಡುಕಾನೇ” ಎಂದರು ಸಾಬರು. ನನಗೆ ಹೊಟ್ಟೆ ಉರಿಯಿತು. ಆ ಮಾತು ನಾನು ಹೇಳಬೇಕಿತ್ತು. ಸಾಬರು ಮುಂದುವರಿಸಿದರು: “ಇಷ್ಟು ಸಾಕು ರಾಜಣ್ಣ. ಇನ್ನೂ ಹಾಕಿದ್ರೆ ಮೇಲೆ ಕೆಳಗೆ ಕುಣಿಯೋದು ಬುಟ್ಟು ಅಕ್ಕಪಕ್ಕ ತೂಗ್ತದೆ.”

ಭಾವ ತಲೆಯಾಡಿಸಿದರು. ಮನೆಗೆ ಬಂದು, ಯಾವುದಕ್ಕೂ ಇರಲಿ ಎಂದು, ಇನ್ನೊಂದು ಉಂಡೆ ಸೀಸ ಅಂಟಿಸಿದರು.

ಭಾನುವಾರ ಕೆಂಚಯ್ಯ ಚೀಲ ಹಿಡಿದು ಗೇಟಿನ ಬಳಿ ನಿಂತಿದ್ದ. ಎಂಜಿನ್ ಶುರುವಾಯಿತು. ಗೂಡಿನ ಡಬ್ಬಿಗಳು ತೆಪ್ಪಗಿದ್ದವು. ಅಕ್ಕ ಅಂಚಿನವರೆಗೆ ತುಂಬಿದ ಲೋಟ ತಂದಿಟ್ಟು, ಟೇಬಲಿನ ಆ ಕಡೆ ನಿಂತಳು.

ಕಾಫಿ ಎಗರಲಿಲ್ಲ. ಆದರೆ ಲೋಟ ಹೊರಟಿತು. ಮದುವಣಗಿತ್ತಿಯ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಪಕ್ಕಕ್ಕೆ ಸರಿಯಿತು. ಭಾವ ಉಸಿರು ಹಿಡಿದರು. ಲೋಟ ಅಂಚಿಗೆ ಬಂತು. ಅಕ್ಕ ಕೈ ಚಾಚಿದಳು. ನೇರ ಅಂಗೈಗೆ ಬಂದು ನಿಂತಿತು, ಒಂದು ತೊಟ್ಟೂ ಚೆಲ್ಲದೆ.

“ಸೀಸ ಒಸಿ ಜಾಸ್ತಿ ಆಗ್ಬುಟ್ಟೈತೆ” ಎಂದು ಭಾವ ತಡವರಿಸಿದರು. “ಕೆರೆದು ಸರಿ ಮಾಡ್ತೀನಿ.”

ಅಕ್ಕ ಒಂದು ಗುಟುಕು ಕುಡಿದಳು. “ಸುಮ್ನಿರ್ರೀ. ಮದ್ವೆಯಾಗಿ ಹನ್ನೊಂದು ವರ್ಷಕ್ಕೆ ಈ ಮನೇಲಿ ನನ್ ಕೈಗೆ ಕಾಫಿ ತಂದ್ಕೊಟ್ಟಿದ್ದು ಇದೊಂದೇ. ಹಿಂಗೇ ಇರ್ಲಿ.”

ನಾನು ಹೋಗಿ ಕೆಂಚಯ್ಯನಿಗೆ ಆ ಎರಡು ಸೊಟ್ಟ ಡಬ್ಬಿ ಕೊಟ್ಟು ಬಂದೆ.