ಹೇಳಿದ ಬಾಯಲ್ಲೇ

ಮಕ್ಕಳ ಕಳ್ಳ ಇವನೇ ಎಂದು ಆಕೆ ಟೀವಿಯಲ್ಲಿ ಸುದ್ದಿ ಓದಿದಾಗ ತೆರೆಯ ಮೇಲಿದ್ದದ್ದು ಏನೂ ಅರಿಯದ ಕ್ಷೌರಿಕನೊಬ್ಬನ ಫೋಟೊ. ನಿಜವಾದ ಕಳ್ಳ ಸಿಕ್ಕಿಬಿದ್ದ ಮೇಲೂ ಕ್ಷೌರಿಕನ ಅಂಗಡಿಯತ್ತ ಯಾರೂ ತಲೆಹಾಕಲಿಲ್ಲ. ಆಕೆ ಒಬ್ಬಳೇ ಹೋಗಿ ಕೈಮುಗಿದಳು.

"ತಪ್ಪಾಯ್ತಣ್ಣ."

"ಇಲ್ಲಿ ಹೇಳಿದ್ರೆ ಗೋಡೆ ಕೇಳುತ್ತೆ ಅಷ್ಟೇ. ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ ತಾಯಿ."

ಅಂದಿನ ಸಂಜೆಯ ವಾರ್ತೆಯಲ್ಲಿ, ಸಂಪಾದಕ ಬೇಡವೆಂದಿದ್ದರೂ, ಆಕೆ ಹೇಳಿಯೇಬಿಟ್ಟಳು: "ಅವರು ನಿರಪರಾಧಿ. ತಪ್ಪು ನಮ್ಮದು."

ಕೆಲಸ ಹೋಯಿತು. ದಿನವೂ ಜೊತೆಯಲ್ಲಿ ಚಹಾ ಕುಡಿಯುತ್ತಿದ್ದವರು ಕಂಡೂ ಕಾಣದಂತೆ ಕಂಪ್ಯೂಟರಿಗೆ ಮುಖ ಕೊಟ್ಟು ಕೂತರು.

ಮರುವಾರ ಆ ಬೀದಿಯಲ್ಲಿ ಹಾದುಹೋಗುವಾಗ ಅಂಗಡಿಯೊಳಗೆ ಇಣುಕಿದಳು. ಮುದುಕನೊಬ್ಬ ಕಣ್ಣು ಮುಚ್ಚಿ, ಕ್ಷೌರಿಕನ ಕತ್ತಿಗೆ ನಿಶ್ಚಿಂತೆಯಿಂದ ಗಲ್ಲ ಒಡ್ಡಿದ್ದ. ಆಕೆ ಒಳಗೆ ಹೋಗಲಿಲ್ಲ. ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ, ನಿಧಾನವಾಗಿ ನಡೆದಳು.