ನಲವತ್ತು ಜನರ ಒಂದೇ ಬಯೋಡೇಟಾ

ಕಾರ್ಖಾನೆ ಮುಚ್ಚಿ ಹನ್ನೊಂದು ತಿಂಗಳಾಗಿತ್ತು. ಹನ್ನೊಂದು ತಿಂಗಳಿಂದ ಕಿವಿಯಣ್ಣ ಫೋನನ್ನು ಮೈಯಿಂದ ದೂರ ಇಟ್ಟವನಲ್ಲ. ಅವನು ಸ್ನಾನಕ್ಕೆ ಹೋದರೆ ಹೆಂಡತಿ ಬಾಗಿಲ ಹೊರಗೆ ಅದನ್ನು ಹಿಡಿದು ಕಾವಲು ನಿಲ್ಲಬೇಕು. ಕೆಲಸಕ್ಕೆ ಕರೆಯುವವರು ಯಾವ ಹೊತ್ತಿನಲ್ಲಿ ಕರೆಯುತ್ತಾರೋ ಯಾರಿಗೆ ಗೊತ್ತು!

ಕಿವಿಯಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗಾಜಿನ ಬಾಟಲಿ ಕಾರ್ಖಾನೆಯವರು ಇಟ್ಟಿದ್ದು. ಬೆಲ್ಟಿನ ಮೇಲೆ ಸಾಲಾಗಿ ಬರುವ ಬಾಟಲಿಗಳನ್ನು ಉಗುರಿನಿಂದ ಟಿಣ್ ಟಿಣ್ ಎಂದು ತಟ್ಟುತ್ತಿದ್ದ. ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದಿನಲ್ಲೇ ಹಿಡಿದು ಪಕ್ಕಕ್ಕಿಡುತ್ತಿದ್ದ. ಒಂದು ಸಲ ಕ್ಯಾಂಟೀನಿನಲ್ಲಿ ಕೂತವನು ಕೈಯಲ್ಲಿದ್ದ ತುತ್ತು ಕೆಳಗಿಟ್ಟು, "ಮೂರನೇ ಬೆಲ್ಟಲ್ಲಿ ಒಂದು ಬಿರುಕಿಂದು ಹೋಯ್ತು ನೋಡ್ರೋ" ಎಂದನಂತೆ. ಓಡಿಹೋಗಿ ನೋಡಿದರೆ ನಿಜ! ನಡುವೆ ಎರಡು ಗೋಡೆ, ಒಂದು ಅಂಗಳ, ಭುಸುಗುಟ್ಟುವ ಕುಲುಮೆ ಇತ್ತು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ಒಂದು ಗೋಡೆ ತೆಗೆದುಬಿಡೋಣ.

ಅಂಥ ಕಿವಿಗೆ ಈಗ ಕೇಳುತ್ತಿದ್ದುದು ಒಳಕೋಣೆಯಲ್ಲಿ ಮಗಳು ಪುಸ್ತಕದ ಹಾಳೆ ತಿರುಗಿಸುವ ಸದ್ದು ಮಾತ್ರ. ಅವಳದು ನರ್ಸಿಂಗ್ ಎರಡನೇ ವರ್ಷ ಮುಗಿದಿತ್ತು. ತಿಂಗಳ ಕೊನೆಯೊಳಗೆ ಅಪ್ಪನಿಗೆ ಕೆಲಸ ಸಿಕ್ಕರೆ ಮೂರನೇ ವರ್ಷ. ಇಲ್ಲದಿದ್ದರೆ ಓದು ಅಲ್ಲಿಗೇ ನಿಂತಂತೆ.

ಒಂದು ಭಾನುವಾರ ಹೆಂಡತಿಯ ತಂಗಿ ಬಂದಳು. ಅವಳಿಗೆ ಬಿಸ್ಕತ್ ಕಂಪನಿಯ ಆಫೀಸಿನಲ್ಲಿ ಕೆಲಸ. ಬಂದ ಅರ್ಜಿಗಳ ಲಕೋಟೆ ಒಡೆದು ಜೋಡಿಸಿಡಬೇಕು. ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಭಾವ, ನಿಮಗೆ ಡ್ಯಾನ್ಸ್ ಬರುತ್ತಾ?"

"ಬಂದ ತಕ್ಷಣ ಏನಮ್ಮಾ ಇದು ತಮಾಷೆ?"

"ನಿಮ್ಮ ಬಯೋಡೇಟಾದಲ್ಲಿ ಹಾಗಿದೆಯಪ್ಪ. ಹವ್ಯಾಸ, ನೃತ್ಯ ಮತ್ತು ಕಸೂತಿ. ನಿಮ್ಮದೊಂದೇ ಅಲ್ಲ, ನಿಮ್ಮ ಕಾರ್ಖಾನೆಯವರದು ನಲವತ್ತು ಬಂದಿವೆ. ನಲವತ್ತು ಜನಾನೂ ಡ್ಯಾನ್ಸರ್‌ಗಳೇ!"

ಹೆಂಡತಿ ಕಿಸಕ್ಕನೆ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು.

ಕಿವಿಯಣ್ಣನ ಮುಖ ಸಣ್ಣಗಾಯಿತು. "ಎಲ್ಲರೂ ಒಟ್ಟಿಗೇ ಜೆರಾಕ್ಸ್ ಅಂಗಡಿಗೆ ಹೋಗಿದ್ವಿ. ಅಂಗಡಿಯವನ ಹತ್ರ ಯಾರದೋ ಒಂದು ರೆಡಿ ಇತ್ತು. ಅದರಲ್ಲಿ ನಮ್ಮ ಕೆಲಸ ಹಾಕಿಸಿ, ಹೆಸರು ಮಾತ್ರ ಒಬ್ಬೊಬ್ಬರದು ಬದಲಾಯಿಸ್ಕೊಂಡ್ವಿ. ಇಪ್ಪತ್ತೆರಡು ವರ್ಷ ಒಂದೇ ಗೇಟು, ಒಂದೇ ಬಣ್ಣದ ಅಂಗಿ. ಕಾಗದ ಯಾಕೆ ಬೇರೆ ಇರ್ಬೇಕು?"

"ಓದಿ ನೋಡಿದ್ರಾ?"

"ದೊಡ್ಡ ದೊಡ್ಡ ಪದ ಇತ್ತು, ಚೆನ್ನಾಗೇ ಇರುತ್ತೆ ಅಂದ್ಕೊಂಡೆ. ಅಲ್ಲಮ್ಮಾ, ಕಾಗದ ನೋಡಿ ಯಾರು ಕೆಲಸ ಕೊಡ್ತಾರೆ? ನನ್ನ ಕೈಗೆ ಒಂದು ಬಾಟಲಿ ಕೊಟ್ಟು ನೋಡ್ಲಿ!"

"ಬಾಟಲಿ ಕೊಡೋಕೆ ನಿಮ್ಮನ್ನ ಒಳಗೆ ಕರೀಬೇಕಲ್ಲ ಭಾವ. ನಿಮಗಿಂತ ಮುಂಚೆ ಗೇಟು ದಾಟೋದು ಈ ಕಾಗದ. ಬೆಂಕಿಕಡ್ಡಿ ಗೀರಿ ಅದು ಆರೋದ್ರೊಳಗೆ ನಾವು ಒಂದನ್ನ ನೋಡಿ ಪಕ್ಕಕ್ಕೆ ಹಾಕ್ತೀವಿ." ಹೀಗೆನ್ನುತ್ತ ಅವಳು ಚೀಲದಿಂದ ಅವನ ಹಾಳೆ ತೆಗೆದಳು. ಹುಬ್ಬು ಗಂಟಾಯಿತು. "ಇದೇನು, ಈ ಫೋನ್ ನಂಬರು ನಿಮ್ಮದಲ್ವಲ್ಲ?"

ಹೆಂಡತಿಯ ನಗು ಬಾಯಲ್ಲೇ ಆರಿತು. ತಂಗಿ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟು ಆ ನಂಬರಿಗೆ ಕರೆ ಮಾಡಿದಳು. ಆಚೆ ಒಬ್ಬ ಹೆಂಗಸು.

"ಬಾಟಲಿ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದವರು..."

"ಅಯ್ಯೋ, ಮತ್ತೆ ಶುರುವಾಯ್ತಾ! ನಾನು ಡ್ಯಾನ್ಸ್ ಟೀಚರ್ ಕಣ್ರೀ. ದಿನಕ್ಕೊಬ್ಬರ ಹೆಸರು ಹೇಳಿ ಕೇಳ್ತೀರಾ. ನಲವತ್ತು ಗಂಡಸರನ್ನ ನಮ್ಮನೇಲಿ ಬಚ್ಚಿಟ್ಟಿದ್ದೀನಾ? ಆ ಔಷಧಿ ಕಂಪನಿಯವರಂತೂ ಮೂರು ಸಲ ಮಾಡಿದ್ರು. ಬಾಟಲಿ ತಟ್ಟಿ ನೋಡೋರು ಬೇಕೇ ಬೇಕು, ನಲವತ್ತರಲ್ಲಿ ಯಾರಾದ್ರೂ ಒಬ್ಬರನ್ನ ಕಳಿಸಿ ಅಂತ ಗೋಗರೆದ್ರು."

"ಯಾವಾಗಮ್ಮಾ?" ಕಿವಿಯಣ್ಣ ಕೇಳಿದ.

"ನಾಲ್ಕು ತಿಂಗಳಾಯ್ತು. ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ. ಯಾಕೆ, ಮುಖ್ಯವಾದದ್ದಾಗಿತ್ತಾ?"

ತಂಗಿ ಮೆಲ್ಲಗೆ ಫೋನ್ ಇಟ್ಟಳು.

ಅಂದೇ ಹೊಸ ಹಾಳೆ ಬರೆಯಲು ಕೂತರು. ಮಗಳ ಕೈಯಲ್ಲಿ ಪೆನ್ನು.

"ಭಾವ, ದಿನಾ ಏನು ಮಾಡ್ತಿದ್ರಿ?"

"ಏನು ಮಾಡೋದು, ನಿಂತಿರ್ತಿದ್ದೆ."

"ನಿಂತು ನಿದ್ದೆ ಮಾಡ್ತಿದ್ರಾ? ಸರಿಯಾಗಿ ಹೇಳಿ."

"ಶಿಫ್ಟಿಗೆ ಆರು ಸಾವಿರ ಬಾಟಲಿ ನೋಡ್ತಿದ್ದೆ. ಹದಿನೇಳು ಜನ ಹೊಸಬರಿಗೆ ಕೆಲಸ ಕಲಿಸಿದ್ದೀನಿ."

"ಇಷ್ಟೆಲ್ಲ ಇಟ್ಕೊಂಡು ಕಸೂತಿ ಅಂತ ಕಳಿಸಿದ್ರಲ್ಲ! ಇದೇ ಮೇಲೆ ಬರಬೇಕು."

"ಕ್ಯಾಂಟೀನಿಂದ ಕೇಳಿಸ್ಕೊಂಡಿದ್ದು ಹಾಕೋಣ್ವಾ?"

"ಬೇಡ ಭಾವ. ಅಲ್ಲೇ ಮಾಡಿ ತೋರಿಸಿ ಅಂದ್ರೆ ತೋರಿಸೋಕಾಗೋದನ್ನ ಮಾತ್ರ ಬರೀರಿ. ನಿಮ್ಮ ಹಳೇ ಸೂಪರ್‌ವೈಸರ್‌ನ ಒಂದು ಮಾತು ಕೇಳಿ ಅವರ ಹೆಸರು ಕೊಡಿ. ಎಲ್ಲ ಒಂದೇ ಪುಟದಲ್ಲಿ ಮುಗೀಬೇಕು."

ಫೋನ್ ನಂಬರನ್ನು ಮಗಳು ಎರಡು ಸಲ ಗಟ್ಟಿಯಾಗಿ ಓದಿದಳು.

ಸೋಮವಾರ ಕಿವಿಯಣ್ಣ ಆ ಔಷಧಿ ಕಂಪನಿ ಎಲ್ಲೆಂದು ವಿಚಾರಿಸಿಕೊಂಡು ಹೋದ. ಅಲ್ಲಿನ ಅಧಿಕಾರಿ ಹಾಳೆಯನ್ನು ನಿಂತೇ ಓದಿದರು. ಆಮೇಲೆ ಕೂತು ಇನ್ನೊಮ್ಮೆ ಓದಿದರು.

"ನಿಮ್ಮಂಥವರನ್ನ ಹುಡುಕಿ ಹುಡುಕಿ ಸಾಕಾಯ್ತು ಯಜಮಾನ್ರೆ. ಕೊನೆಗೆ ಮೆಷಿನ್ ತಂದ್ವಿ. ಇದು ಆಗ ನನ್ನ ಕೈಗೆ ಸಿಕ್ಕಿದ್ರೆ..." ಎಂದವರು ಹಾಳೆಯನ್ನು ಮಡಿಸದೆ, ಜೋಪಾನವಾಗಿ ವಾಪಸು ಕೊಟ್ಟರು.

ಗಾಜಿನ ಕಿಟಕಿಯಾಚೆ ಬೆಲ್ಟು ಓಡುತ್ತಿತ್ತು. ಮೆಷಿನ್ನಿನ ಕಣ್ಣು ತಪ್ಪಿಸಿ ಒಂದೇ ಒಂದು ಬಿರುಕಿನ ಬಾಟಲಿ ದಾಟಿಹೋಗಲಿ ಎಂದು ಕಿವಿಯಣ್ಣ ಬಾಗಿಲ ಬಳಿ ಕಿವಿ ಕೊಟ್ಟು ನಿಂತ. ಕಾಲು ಗಂಟೆ ನಿಂತ. ಒಂದೂ ದಾಟಲಿಲ್ಲ.

ಮನೆಗೆ ಬಂದವನು, ಇನ್ನು ಮೇಲೆ ಯಾವ ಕಾಗದವನ್ನೂ ಓದದೆ ಯಾರಿಗೂ ಕೊಡುವುದಿಲ್ಲ ಎಂದ. ಉಳಿದ ಮೂವತ್ತೊಂಬತ್ತು ಜನರ ಮನೆಗೂ ನಡೆದುಹೋಗಿ ನಂಬರಿನ ವಿಷಯ ಹೇಳಿಬಂದ. ಹೊಸ ಹಾಳೆಯನ್ನು ಒಂಬತ್ತು ಕಡೆ ಕೊಟ್ಟ. ತಿಂಗಳು ಮುಗಿಯುವವರೆಗೂ ಯಾರೂ ಕರೆಯಲಿಲ್ಲ.

ತಿಂಗಳ ಕೊನೆಯ ದಿನ ಮಗಳು ತನ್ನದೇ ಹಾಳೆ ಬರೆಯಲು ಕೂತಳು. ಕಲಿಯುತ್ತಿದ್ದ ಆಸ್ಪತ್ರೆಯಲ್ಲೇ ಆಯಾ ಕೆಲಸ ಖಾಲಿಯಿತ್ತು.

"ಅಪ್ಪಾ, ಓದು ಅರ್ಧಕ್ಕೆ ನಿಂತಿದೆ ಅಂತ ಬರೀಬೇಕಾ?"

ಕಿವಿಯಣ್ಣ ಅವಳ ಪಕ್ಕ ಬಂದು ಕೂತ. "ಎರಡು ವರ್ಷ ಮುಗಿಸಿದ್ದೀಯಲ್ಲಾ, ಅದನ್ನ ಬರಿ. ವಾರ್ಡಲ್ಲಿ ಎಷ್ಟು ದಿನ ಇದ್ದೆ, ಏನೇನು ಮಾಡ್ದೆ, ಎಲ್ಲಾ ಬರಿ. ಯಾವುದನ್ನೂ ಸಣ್ಣದು ಅಂತ ಬಿಡಬೇಡ ಮಗಳೇ."

ಅವಳು ಬರೆದಳು. ಅವನು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದ.

ಕೆಲಸ ಹುಡುಕುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಡ್ಯಾನ್ಸಿನ ಮಾತಿಗೆ ನಕ್ಕಿದ್ದು ಸಾಕು, ಈಗ ಎದ್ದು ನಿಮ್ಮ ಬಯೋಡೇಟಾ ತೆಗೆಯಿರಿ. ಅದು ನೀವೇ ಹೌದೋ, ಇನ್ಯಾರೋ ನೋಡಿ. ನಿಮ್ಮ ಕೈ ಮಾಡಿದ ಕೆಲಸವನ್ನು ನಿಮ್ಮ ಮಾತಿನಲ್ಲೇ, ಎಷ್ಟು ಮಾಡಿದಿರಿ ಎಂಬ ಅಂಕಿಯ ಜೊತೆ ಬರೆಯಿರಿ. ಓದಲು ಬಾರದಿದ್ದರೆ ಓದು ಬಲ್ಲವರಿಂದ ಓದಿಸಿ ಕೇಳಿ. ಅದರಲ್ಲಿರುವ ನಂಬರಿಗೆ ಈಗಲೇ ಒಂದು ಕರೆ ಮಾಡಿ. ಬೇರೆ ಯಾರಾದರೂ ಎತ್ತಿಕೊಂಡರೆ ಇವತ್ತೇ ತಿದ್ದಿಸಿ, ನಾಳೆಗೆ ಇಡಬೇಡಿ. ಕೆಲಸ ಕೊಡುವವರು ಮೂರು ಸಲ ಕರೆದಾರು. ನಾಲ್ಕನೇ ಸಲ ಕರೆಯುವುದಿಲ್ಲ.