ಬೇವಿನ ಬುಡದ ರೇಡಿಯಂ

ಕೊಪ್ಪಳದ ನಮ್ಮ ಓಣಿಯಲ್ಲಿ ಯಾರ ಮನೆಯ ಹುಡುಗಿ ದೊಡ್ಡವಳಾದರೂ ಬುದ್ಧಿ ಹೇಳಲು ನನ್ನನ್ನು ಕರೆಯುತ್ತಿದ್ದರು. ಕರೆಯದಿದ್ದರೂ ಹೋಗುತ್ತಿದ್ದೆ. ಶೇಖರಮ್ಮನಿಗೆ ತಿಳಿಯದ್ದು ಲೋಕದಲ್ಲೇ ಇಲ್ಲ ಎಂದು ಜನ ಅನ್ನುತ್ತಿದ್ದರು. ಅದು ಚೇಷ್ಟೆ ಎಂದು ಹೊಳೆಯಲು ನನಗೆ ನಲವತ್ತು ವರ್ಷ ತುಂಬಬೇಕಾಯಿತು.

1941ರಲ್ಲಿ ಯಲಬುರ್ಗಾದ ನನ್ನ ತಂಗಿ ಕಳಕಮ್ಮ ರಕ್ತ ಹೋಗಿ ಹೋಗಿ ಎಚ್ಚರ ತಪ್ಪಿ ಬಿದ್ದಳು. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಎಂದರು. "ಹೆಂಗಸರ ಬ್ಯಾನಿ, ನೀವು ಬರೂದು ಬ್ಯಾಡ್ರಿ" ಎಂದು ಅವಳ ಗಂಡನನ್ನು ಊರಲ್ಲೇ ಬಿಟ್ಟು, ರೈಲು ಹತ್ತಿಸಿ, ಹುಬ್ಬಳ್ಳಿಯಾಚೆಯ ಮಿಷನ್ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಡಾಕ್ಟರು ಅವಳನ್ನು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ.

"ಎಷ್ಟು ದಿನದಿಂದ ರಕ್ತ ಹೋಗಾಕತ್ತೈತಿ?"

"ಎರಡು ತಿಂಗಳಾತ್ರಿ."

ಸಣ್ಣ ಸಣ್ಣ ಕೊಳವೆಗಳಲ್ಲಿ ಗಡ್ಡೆ ಸುಡುವ ರೇಡಿಯಂ ತುಂಬಿ, ಅವನ್ನು ಅವಳ ಒಳಗಿಟ್ಟು, ಜಾರದಂತೆ ಬಟ್ಟೆ ತುರುಕಿದರು. ಎರಡು ದಿನ ಅಲುಗಾಡದೆ ಮಲಗಬೇಕು. ನಾನು ದೂರ ಕೂಡಬೇಕು. "ಏನರ ಹೊರಗ ಬಂದ್ರ ಮುಟ್ಟಬ್ಯಾಡ್ರಿ, ನನ್ನ ಕರೀರಿ" ಎಂದಳು ನರ್ಸಮ್ಮ. ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ನನಗೆ ಹೇಳಿಕೊಡುತ್ತಾಳೆಂದು ಸಿಟ್ಟೇ ಬಂತು.

ಮರುದಿನ ಬೆಳಿಗ್ಗೆ ಕಳಕಮ್ಮ ಜೋರಾಗಿ ಕೆಮ್ಮಿದಳು. ರಕ್ತ ಹತ್ತಿದ ಬಟ್ಟೆಯ ಉಂಡೆಯೊಂದು ಹಾಸಿಗೆಗೆ ಜಾರಿತು. ಅದೇ ಹೊತ್ತಿಗೆ ಹೊರಗೆ ಗಂಡಸರ ದನಿ ಕೇಳಿಸಿತು, ಡಾಕ್ಟರೂ ಕಂಪೌಂಡರುಗಳೂ ಬರುತ್ತಿದ್ದರು. ನರ್ಸಮ್ಮನ ಮಾತು ತಲೆಯಿಂದ ಹಾರಿಯೇ ಹೋಯಿತು. ಉಂಡೆಯನ್ನು ಚಿಂದಿಯಲ್ಲಿ ಸುತ್ತಿ, ಹಿಂಬಾಗಿಲಿನಿಂದ ಓಡಿ, ಬೇವಿನ ಬುಡದಲ್ಲಿ ಹುಗಿದೆ. ಅಂಥ ಬಟ್ಟೆಯನ್ನು ಹಾವು ದಾಟಿದರೆ ವಂಶಕ್ಕೆ ಕೇಡು ಎನ್ನುತ್ತಾರೆ ನಮ್ಮ ಕಡೆ. ಅದಕ್ಕೇ ಮೇಲೊಂದು ಕಲ್ಲನ್ನೂ ಹೇರಿದೆ. ಕೈ ತೊಳೆದುಕೊಂಡಾಗ ಮನೆತನದ ಮಾನ ಕಾಯ್ದ ಸಮಾಧಾನ ನನಗೆ!

ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದು ನೋಡಿ ಕೂಗಿಕೊಂಡಳು. ಒಂದು ಕೊಳವೆ ಇಲ್ಲ. ಗಟಾರ ಕೆದಕಿದರು, ಅಗಸನ ಗಂಟು ಬಿಚ್ಚಿಸಿದರು. ಅದು ಆ ಉಂಡೆಯೊಳಗೇ ಇತ್ತೆಂದು ನನಗೆ ಆಗ ಹೊಳೆಯಿತು. ಆದರೂ ಗಂಡಸರೆದುರು ಆ ಬಟ್ಟೆಯ ಮಾತೆತ್ತುವುದು ಹೇಗೆ? ಬೇರೆ ದಾರಿ ಕಾಣದೆ ಎಲ್ಲರಿಗಿಂತ ಜೋರಾಗಿ ನಾನೂ ಮಂಚದ ಕೆಳಗೆ ಹುಡುಕಿದೆ.

"ಇಲ್ಲಿ ಇರೂದ ಇಷ್ಟು ರೇಡಿಯಂ" ಎಂದರು ಡಾಕ್ಟರು. "ಸಿಗದಿದ್ರ ನಿಮ್ಮ ತಂಗಿ ಉಳಿಯೂದು ಕಷ್ಟ ಐತಿ."

ಕಳಕಮ್ಮ ಮಲಗಿದಲ್ಲಿಂದಲೇ ಕೇಳಿದಳು: "ಅಕ್ಕಾ, ನಾ ಸಾಯ್ತೀನೇನು?"

ಅಷ್ಟು ಸಾಕಾಯಿತು. "ನಾನ ಹುಗದೀನ್ರಿ, ಬೇವಿನ ಗಿಡದ ಬುಡಕ" ಎಂದು ಒದರಿದೆ. ಉದ್ದ ಚಿಮಟ ಹಿಡಿದು ಡಾಕ್ಟರೇ ಅದನ್ನು ಬಿಚ್ಚಿದರು. ಸುತ್ತ ಐದಾರು ಗಂಡಸರು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಅದು ಬಿಡಲಿಲ್ಲ, ಕೊಳವೆ ಸಿಕ್ಕಿತು.

ಮಧ್ಯಾಹ್ನ ಅದನ್ನು ಮತ್ತೆ ಒಳಗಿಟ್ಟ ಮೇಲೆ ಡಾಕ್ಟರು ನನ್ನನ್ನು ಕೇಳಿದರು: "ಇಂಥಾದ್ದನ್ನ ಯಾಕ ಮುಚ್ಚಿಟ್ರಿ?"

ಉತ್ತರ ಕೊಟ್ಟವಳು ಕಳಕಮ್ಮ. "ನಮ್ಮ ಕಡೆ ಹಂಗರಿ. ದೀಡ ವರ್ಷದಿಂದ ನಾನೂ ಹುಗ್ಯಾಕತ್ತೀನಿ."

"ಎರಡು ತಿಂಗಳು ಅಂದಿದ್ರಿ?"

"ಅಕ್ಕಗ ಗೊತ್ತಾಗಿದ್ದು ಎರಡು ತಿಂಗಳ ಹಿಂದ. ಬಟ್ಟಿ ಯಾರ ಕಣ್ಣಿಗೂ ಬೀಳಬಾರದು ಅಂತ ನಾ ದೊಡ್ಡಾಕಿ ಆದಾಗ ಅಕಿನ ಕಲಿಸಿದ್ಲರಿ. ಒಂದು ದಿನಾನೂ ತಪ್ಪಿಲ್ಲ."

ಡಾಕ್ಟರು ಕಾಗದದಲ್ಲಿದ್ದ 'ಎರಡು ತಿಂಗಳು' ಹೊಡೆದುಹಾಕಿ, ಒಂದೂವರೆ ವರ್ಷ ಎಂದು ಬರೆದುಕೊಂಡರು. ಕಳಕಮ್ಮ ಮಾತ್ರ, ನಾನು ಶಹಬ್ಬಾಸ್ ಅನ್ನಲಿ ಎಂಬಂತೆ ನನ್ನ ಕಡೆ ನೋಡುತ್ತಿದ್ದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.